ಮಂತ್ರಿ ಮಾಡಿದ ಫೋನ್

ಹಾರ್ಲನ್
ಅಕ್ಟೋಬರ್ 14, 1973

ಪ್ರೀತಿಯ ಅಪ್ಪ,

ಈ ಪತ್ರವನ್ನು ಊರಿಗೆ ಬರೆಯದೆ ರಾಜಧಾನಿ ರೆಜೈನಾದ ನಿನ್ನ ಬಾಡಿಗೆ ಕೋಣೆಗೇ ಬರೆಯುತ್ತಿದ್ದೇನೆ. ಊರಿಗೆ ಬರೆದರೆ ಅಮ್ಮ ಮೊದಲು ಓದಿ, ಆಮೇಲೆ ಚರ್ಚಿನ ಹೆಂಗಸರಿಗೆಲ್ಲ ಓದಿ ಹೇಳಿ, ನೀನು ಶನಿವಾರ ಮನೆ ಸೇರುವಷ್ಟರಲ್ಲಿ ಸುದ್ದಿ ಹಳಸಿರುತ್ತದೆ. ಇದನ್ನು ಬಿಸಿಯಾಗಿರುವಾಗಲೇ ನಿನಗೆ ಹೇಳಬೇಕು. ಈ ವರ್ಷ ವಿಶ್ವವಿದ್ಯಾಲಯದ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ನಾನು ನಾಯಕಿ.

ನಮ್ಮ ಕೋಚ್ ಮಿಸ್ ಮೆಕ್‌ಕ್ವೇಗ್ ಇಂಥದ್ದನ್ನು ಹೇಳುವ ರೀತಿಯೇ ಬೇರೆ. ಅಭ್ಯಾಸ ಮುಗಿದು ಬೆವರು ಒರೆಸಿಕೊಳ್ಳುತ್ತಿದ್ದೆವು. ಅವರು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಾ, "ಬೊದ್ನಾರ್, ಈ ವರ್ಷ ಇವ್ರನ್ನೆಲ್ಲ ನೀನು ನೋಡ್ಕೊ" ಅಂದರು. ಅಷ್ಟೇ. ಎದ್ದು ಹೊರಟುಹೋದರು. ನಾನು ಏನನ್ನು ನೋಡಿಕೊಳ್ಳಬೇಕು ಎಂದು ಕೇಳಲು ಹೋಗುತ್ತಿದ್ದೆ. ನನ್ನ ಕೋಣೆಯ ಜೊತೆಗಾತಿ ಡೆಲ್ಫೀನ್ ಟವೆಲಿನಿಂದ ಹೊಡೆದು, "ಪೆದ್ದಿ, ಕ್ಯಾಪ್ಟನ್ ಮಾಡಿದ್ರು ಕಣೇ" ಅಂದಳು.

ನಮ್ಮ ಅಂಗಣ ಹೇಗಿದೆ ಎಂದು ನಿನಗೆ ಗೊತ್ತಿಲ್ಲ, ಬಂದಿದ್ದರೆ ತಾನೆ. ಯುದ್ಧದ ಕಾಲದಲ್ಲಿ ವಿಮಾನ ನಿಲ್ಲಿಸುತ್ತಿದ್ದ ತಗಡಿನ ಶೆಡ್ಡು. ಹಿಮ ಕರಗಿದಾಗ ಈಶಾನ್ಯ ಮೂಲೆಯಲ್ಲಿ ಸೋರುತ್ತದೆ. ಅಲ್ಲಿ ನೆಲದ ಹಲಗೆ ಉಬ್ಬಿಕೊಂಡಿದೆ, ಬಾಲ್ ಪುಟಿಯುವುದೇ ಇಲ್ಲ. ಬೇರೆ ಊರಿನ ತಂಡದವರಿಗೆ ಇದು ಗೊತ್ತಿಲ್ಲದ್ದರಿಂದ ನಾವು ಅವರನ್ನು ಉಪಾಯವಾಗಿ ಆ ಮೂಲೆಗೇ ಅಟ್ಟುತ್ತೇವೆ. ನಿನ್ನ ಇಲಾಖೆಯವರು ಹೊಸ ಕ್ರೀಡಾಂಗಣ ಕಟ್ಟಿಸುತ್ತಾರಂತೆ. ಎಲ್ಲರಿಗೂ ಸಂತೋಷ, ಆ ಮೂಲೆ ಹೋಗುತ್ತದೆಂದು ನನಗೆ ಮಾತ್ರ ಸ್ವಲ್ಪ ಬೇಜಾರು.

ನವೆಂಬರ್ 17ಕ್ಕೆ ಇಲ್ಲೇ ಮೊದಲ ಪಂದ್ಯ. ಬಾ. ಎರಡು ವರ್ಷದಲ್ಲಿ ಒಂದು ಸಲವೂ ಬಂದಿಲ್ಲ. ನನಗೆ ಅಪ್ಪ ಇರುವುದು ಪತ್ರಿಕೆಯ ಫೋಟೋದಲ್ಲಿ ಮಾತ್ರ ಎಂದು ಡೆಲ್ಫೀನ್ ಹಂಗಿಸುತ್ತಾಳೆ.

ನಿನ್ನ,
ಪಿರಿ

•

ರೆಜೈನಾ
ಅಕ್ಟೋಬರ್ 28, 1973

ಮುದ್ದು ಪಿರಿ,

ನಿನ್ನ ಪತ್ರ ಓದಿ, ಕಚೇರಿಯಲ್ಲಿ ಟೈಪು ಮಾಡುವ ಮುದುಕಿಯಿಂದ ಹಿಡಿದು ಲಿಫ್ಟಿನವನವರೆಗೆ ಎಲ್ಲರಿಗೂ ಹೇಳಿಬಿಟ್ಟೆ. ಚರ್ಚಿನ ಹೆಂಗಸರಿಗಿಂತ ನಾನೇನೂ ಕಡಿಮೆಯಿಲ್ಲ.

ಮೊನ್ನೆ ದಕ್ಷಿಣದ ಒಂದು ಹಳ್ಳಿಯಲ್ಲಿ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಕರ್ಲಿಂಗ್ ಆಡುವ ಹೊಸ ಕಟ್ಟಡದ ಉದ್ಘಾಟನೆ ಮಾಡಿದೆ. ಕತ್ತರಿ ಮೊಂಡು, ರಿಬ್ಬನ್ನು ಕತ್ತರಿಸುವುದೇ ಇಲ್ಲ. ಬ್ಯಾಂಡಿನವರು ಒಂದೇ ಸಾಲನ್ನು ನಾಲ್ಕು ಸಲ ಬಾರಿಸಿದರು. ಕೊನೆಗೆ ಕೈಯಲ್ಲೇ ಹರಿದೆ. ಭಾಷಣ ಮುಗಿದ ಮೇಲೆ ತೊಂಬತ್ತು ವರ್ಷದ ಅಜ್ಜಿಯೊಬ್ಬಳು ನನ್ನ ಕೋಟಿನ ಗುಂಡಿ ಹಿಡಿದುಕೊಂಡು, "ಮಗಾ, ನೀನು ಮಂತ್ರಿ ಆದ್ರೇನು ಬಿಷಪ್ ಆದ್ರೇನು, ನಮ್ಮ ರಸ್ತೆಗೆ ಜಲ್ಲಿ ಯಾವಾಗ ಹಾಕಿಸ್ತೀಯ?" ಎಂದಳು. ಲೋಕೋಪಯೋಗಿ ಮಂತ್ರಿ ಎಂದರೆ ಇಷ್ಟೇ.

17ರ ಹೊತ್ತಿಗೆ ಅಧಿವೇಶನ ನಡೆಯುತ್ತಿರುತ್ತದೆ. ನೋಡೋಣ.

ಈ ಚಳಿಗಾಲದಲ್ಲಿ ನೀವು ಯಾವ ಯಾವ ದಿನ ಯಾವ ಊರಿಗೆ ಹೋಗುತ್ತೀರಿ ಎಂಬ ಪಟ್ಟಿಯೊಂದನ್ನು ಕಳಿಸು. ಬಸ್ಸು ಯಾರದ್ದು, ಓಡಿಸುವವನಿಗೆ ಎಷ್ಟು ವಯಸ್ಸು, ಟೈರು ಹೊಸದೇ ಎಂಬುದನ್ನೂ ಬರೆ. ವಿನ್ನಿಪೆಗ್ಗಿಗೆ ರೈಲಿದೆ, ಯಾರೂ ಅದರಲ್ಲಿ ಯಾಕೆ ಹೋಗುವುದಿಲ್ಲವೋ ನನಗೆ ತಿಳಿಯದು. ಹಾಗೇ ಸುಮ್ಮನೆ ಕೇಳಿದೆ, ರಸ್ತೆ ಇಲಾಖೆಯವನ ಚಟ.

ಅಮ್ಮ ಗಸಗಸೆಯ ಸುರುಳಿ ರೊಟ್ಟಿ ಮಾಡಿ ಕಳಿಸುತ್ತಾಳಂತೆ.

ಪ್ರೀತಿಯಿಂದ,
ಅಪ್ಪ

•

ಹಾರ್ಲನ್
ನವೆಂಬರ್ 25, 1973

ಅಪ್ಪ,

17ಕ್ಕೆ ನೀನು ಬರಲಿಲ್ಲ, ಇರಲಿ. ಈಗ ಬರೆಯುತ್ತಿರುವುದು ಅದರ ಬಗ್ಗೆ ಅಲ್ಲ.

ಹೊಸ ಕ್ರೀಡಾಂಗಣ ಮಂತ್ರಿಯ ಮಗಳ ಆಟದ ಮನೆಯೇ ಎಂದು ವಿಧಾನಸಭೆಯಲ್ಲಿ ವಿರೋಧ ಪಕ್ಷದವರು ಕೇಳಿದ್ದನ್ನು ಪತ್ರಿಕೆಯಲ್ಲಿ ಓದಿ ನಾವೆಲ್ಲ ನಕ್ಕಿದ್ದೆವು. ಡೆಲ್ಫೀನ್ ನನ್ನನ್ನು ಒಂದು ದಿನವೆಲ್ಲ ರಾಜಕುಮಾರಿ ಎಂದು ಕರೆದಳು. ಆದರೆ ಗುರುವಾರದ ಪತ್ರಿಕೆ ನೋಡಿದೆಯಲ್ಲ. 1971ರ ಆಗಸ್ಟಿನಲ್ಲಿ, ತಂಡದ ಆಯ್ಕೆ ನಡೆಯುತ್ತಿದ್ದಾಗ, ಮಂತ್ರಿ ಬೊದ್ನಾರ್ ಅವರ ಕಚೇರಿಯಿಂದ ಕೋಚಿಗೆ ಫೋನ್ ಬಂದಿತ್ತಂತೆ. ಕ್ರೀಡಾ ವಿಭಾಗದಲ್ಲಿ ಆಗ ಕೆಲಸಕ್ಕಿದ್ದ ಗುಮಾಸ್ತೆಯೊಬ್ಬಳು ಕರೆಯನ್ನು ತಾನೇ ಜೋಡಿಸಿಕೊಟ್ಟೆ ಎಂದು ಹೇಳಿದ್ದಾಳೆ.

ನಿನ್ನೆ ಪಕ್ಕದ ಪ್ರಾಂತ್ಯ ಆಲ್ಬರ್ಟಾದಲ್ಲಿ ಪಂದ್ಯವಿತ್ತು. ನನ್ನ ಕೈಗೆ ಬಾಲ್ ಬಂದಾಗಲೆಲ್ಲ ಮೇಲಿನ ಸಾಲಿನ ಹುಡುಗರು ಬಾಯಿಂದ ಫೋನಿನ ಗಂಟೆಯ ಸದ್ದು ಮಾಡುತ್ತಿದ್ದರು. ಕೊನೆಯ ನಿಮಿಷದಲ್ಲಿ ನನಗೆ ಎರಡು ಉಚಿತ ಎಸೆತ ಸಿಕ್ಕವು. ಯಾರೋ ಒಬ್ಬ ನಿಧಾನವಾಗಿ, "ಏನೇ ಮಂತ್ರಿ ಮಗಳೇ, ಅಪ್ಪಂಗೆ ಫೋನ್ ಹಚ್ಚು, ಅವ್ರೇ ಬಂದು ಹಾಕ್ತಾರೆ" ಎಂದ. ಎಲ್ಲರೂ ನಕ್ಕರು. ಎರಡೂ ಹೋದವು. ಒಂದು ಅಂಕದಲ್ಲಿ ಸೋತೆವು.

ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಅದೇ ಕಷ್ಟವಾಯಿತು. ಆ ವರ್ಷ ಆಯ್ಕೆಯಾಗದೆ ಅಳುತ್ತಾ ಊರಿಗೆ ಹೋದ ಒಬ್ಬಳ ಮುಖ ನೆನಪಾಗುತ್ತಲೇ ಇತ್ತು. ಅವಳ ಜಾಗದಲ್ಲಿ ನಾನು ಕುಳಿತಿದ್ದೇನೆಯೇ?

ಅಂಥ ಫೋನ್ ಮಾಡಿಲ್ಲ ಎಂದು ಒಂದು ಸಾಲು ಬರೆ ಸಾಕು. ಅದನ್ನು ಕೋಣೆಯ ಗೋಡೆಗೆ ಅಂಟಿಸಿಬಿಡುತ್ತೇನೆ.

ಪಿರಿ

•

ರೆಜೈನಾ
ಡಿಸೆಂಬರ್ 6, 1973

ಮುದ್ದು ಪಿರಿ,

ತಡವಾಯಿತು, ಕ್ಷಮಿಸು. ಸಭೆ ದಿನವೂ ಸಂಜೆಯವರೆಗೆ ಎಳೆಯುತ್ತಿದೆ.

ಕ್ರೀಡಾಂಗಣದ ತೀರ್ಮಾನ ವಿಶ್ವವಿದ್ಯಾಲಯದ ಮಂಡಳಿಯದ್ದು, ನಾನು ಮಂತ್ರಿಯಾಗುವ ಮೊದಲೇ ಆದದ್ದು. ಕಡತಗಳನ್ನು ಸಭೆಯ ಮುಂದಿಟ್ಟಿದ್ದೇನೆ. ಅದರ ಬಗ್ಗೆ ಈಗ ಯಾರೂ ಮಾತಾಡುತ್ತಿಲ್ಲ. ಪತ್ರಿಕೆಯವರಿಗೆ ಚಳಿಗಾಲದಲ್ಲಿ ಸುದ್ದಿ ಕಡಿಮೆ, ಹೀಗೆಲ್ಲ ಬರೆಯುತ್ತಾರೆ. ಓದಬೇಡ. ಆಟದ ಕಡೆ ಗಮನ ಕೊಡು.

ಅಮ್ಮ ಹೊಸ ಉಣ್ಣೆಯ ಕೈಗವಸು ಹೆಣೆದಿದ್ದಾಳೆ, ಕ್ರಿಸ್‌ಮಸ್ಸಿಗೆ ಬಂದಾಗ ಕೊಡುತ್ತಾಳಂತೆ. 22ಕ್ಕೆ ರೈಲಿನಲ್ಲಿ ಬಾ, ನಾನೇ ನಿಲ್ದಾಣಕ್ಕೆ ಬರುತ್ತೇನೆ.

ಅಪ್ಪ

•

ಹಾರ್ಲನ್
ಡಿಸೆಂಬರ್ 12, 1973

ಅಪ್ಪ,

ನಾನು ಕೇಳಿದ್ದು ಕ್ರೀಡಾಂಗಣದ ಬಗ್ಗೆ ಅಲ್ಲ.

ನಿನ್ನ ಪತ್ರವನ್ನು ಮೂರು ಸಲ ಓದಿದೆ, ಎಲ್ಲಾದರೂ ಆ ಒಂದು ಸಾಲು ಸಿಕ್ಕೀತೇ ಎಂದು. ಆಮೇಲೆ ಮಿಸ್ ಮೆಕ್‌ಕ್ವೇಗರ ಕೋಣೆಗೆ ಹೋದೆ. ಫೋನ್ ಬಂದಿತ್ತೇ ಎಂದು ನೇರವಾಗಿ ಕೇಳಿದೆ. ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು.

"ಬಂದಿತ್ತು."

"ಯಾರು ಮಾಡಿದ್ರು?"

"ನಿಮ್ಮಪ್ಪ."

"ಏನು ಕೇಳಿದ್ರು?"

"ಅದನ್ನ ನಿಮ್ಮಪ್ಪನ್ನೇ ಕೇಳು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ಆದ್ರೆ ಒಂದು ತಿಳ್ಕೊ, ನಾನು ಯಾರ ಮಾತು ಕೇಳಿ ಯಾರನ್ನೂ ಆರಿಸ್ದೋಳಲ್ಲ."

ಇದನ್ನು ಅವರು ನನ್ನ ಸಮಾಧಾನಕ್ಕೆ ಹೇಳಿರಬಹುದು. ಆರಿಸುವವರು ಯಾರಾದರೂ ಇನ್ನೇನು ತಾನೆ ಹೇಳುತ್ತಾರೆ?

ಹೈಸ್ಕೂಲಿನಲ್ಲಿದ್ದಾಗ ಕಣಜದ ಗೋಡೆಗೆ ಹಳೆಯ ಪೀಪಾಯಿಯ ಬಳೆ ಹೊಡೆದುಕೊಂಡು, ಬೆರಳು ಸೆಟೆಯುವವರೆಗೆ ಬಾಲ್ ಎಸೆಯುತ್ತಿದ್ದೆ. ನಮ್ಮ ಮನೆಯಲ್ಲಿ ಎಲ್ಲವೂ ನಿನ್ನಿಂದ ಬಂದದ್ದು, ಹೊಲ, ಹೆಸರು, ಮರ್ಯಾದೆ. ಇದೊಂದು ಮಾತ್ರ ನನ್ನದು ಎಂದುಕೊಂಡಿದ್ದೆ.

ನಾನು ಕ್ರಿಸ್‌ಮಸ್ಸಿಗೆ ಬರುವುದಿಲ್ಲ. ಡೆಲ್ಫೀನಳ ಜೊತೆ ಅವಳ ಊರಿಗೆ ಹೋಗುತ್ತೇನೆ. ಅಮ್ಮನಿಗೆ ಬೇರೆ ಬರೆದಿದ್ದೇನೆ.

ಪಿರೋಷ್ಕಾ

•

ಹಾರ್ಲನ್
ಜನವರಿ 3, 1974

ಮಾನ್ಯ ಶ್ರೀ ಕಾಲ್ಮಾನ್ ಬೊದ್ನಾರ್ ಅವರಿಗೆ,

ನಾವು ಒಮ್ಮೆ ಮಾತ್ರ ಮಾತಾಡಿದ್ದೇವೆ, ಅದೂ ಏಳೆಂಟು ನಿಮಿಷ. ಅಂದು ನೀವು ಕೇಳಿಕೊಂಡಂತೆ ಆ ಮಾತನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಕಳೆದ ತಿಂಗಳು ಮೂವರು ಪತ್ರಕರ್ತರು ಬಂದಿದ್ದರು, ಅವರಿಗೂ ಹೇಳಲಿಲ್ಲ.

ನಿನ್ನೆ ನಿಮ್ಮ ಮಗಳು ನನ್ನ ಕೋಣೆಗೆ ಬಂದು, ಒಗೆದು ಮಡಿಸಿದ ತಂಡದ ಅಂಗಿಯನ್ನು ಮೇಜಿನ ಮೇಲಿಟ್ಟು ಹೋದಳು. ನಾನು ಅದನ್ನು ಬೇರೆ ಯಾರಿಗೂ ಕೊಡದೆ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಅವಳು ಅತ್ತಿದ್ದರೆ ನಾನು ಇಷ್ಟು ಚಿಂತೆ ಮಾಡುತ್ತಿರಲಿಲ್ಲ. ಬೇರೆಯವರ ವಸ್ತುವನ್ನು ಹಿಂದಿರುಗಿಸುವವರ ಹಾಗೆ ಇಟ್ಟು ಹೋದಳು.

ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಮಾತು ಉಳಿಸಿಕೊಳ್ಳುವುದು ಬೇರೆ, ಒಬ್ಬ ಹುಡುಗಿ ತಪ್ಪು ತಿಳಿದುಕೊಂಡು ಮುರಿದುಹೋಗುವುದನ್ನು ನೋಡುತ್ತಾ ಕೂರುವುದು ಬೇರೆ. ಹತ್ತೊಂಬತ್ತನೇ ತಾರೀಖಿನ ಪಂದ್ಯದ ಒಳಗೆ ನೀವು ಅವಳಿಗೆ ಹೇಳದಿದ್ದರೆ ನಾನು ಹೇಳುತ್ತೇನೆ.

ನಿಮ್ಮ ವಿಶ್ವಾಸಿ,
ಐಲಾ ಮೆಕ್‌ಕ್ವೇಗ್

•

ಸೆಂಟ್ ಲಾಸ್ಲೊ
ಜನವರಿ 9, 1974

ಪಿರಿ,

ನಮ್ಮ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ನಿನ್ನ ಅಮ್ಮ ಎದುರಿಗೆ ಕುಳಿತು ಬಟಾಣಿ ಆರಿಸುತ್ತಿದ್ದಾಳೆ. ಅವಳಿಗೂ ಈ ಫೋನಿನ ವಿಷಯ ಗೊತ್ತಿರಲಿಲ್ಲ. ಮೊನ್ನೆ ಹೇಳಿದೆ. ಈ ಬೆಳಿಗ್ಗೆ ಕಾಗದ ಪೆನ್ನು ತಂದು ನನ್ನ ಮುಂದಿಟ್ಟು, "ನೀನೇ ಬರಿ. ನಾನು ಬರೆದು ನಿನ್ನ ಕೆಲಸ ಸುಲಭ ಮಾಡಲ್ಲ" ಎಂದಳು.

ಫೋನ್ ಮಾಡಿದ್ದು ನಿಜ. ಅದು ಆಗಸ್ಟಿನ ಕೊನೆಯ ವಾರ. ನಾನು ಮಂತ್ರಿಯಾಗಿ ಎರಡು ತಿಂಗಳಾಗಿತ್ತು. ನೀನು ಆಯ್ಕೆಯ ಶಿಬಿರದಿಂದ ಬಂದು, ಹದಿನಾಲ್ಕು ಜನರ ಪಟ್ಟಿಯಲ್ಲಿ ಉಳಿದಿದ್ದೇನೆ, ಇನ್ನು ಇಬ್ಬರನ್ನಷ್ಟೇ ಬಿಡುತ್ತಾರೆ ಎಂದು ಇದೇ ಕೋಣೆಯಲ್ಲಿ ಕುಣಿದಿದ್ದೆ. ಮರುದಿನ ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು ಮಿಸ್ ಮೆಕ್‌ಕ್ವೇಗರಿಗೆ ಫೋನ್ ಮಾಡಿದೆ.

ನಿನ್ನನ್ನು ತೆಗೆದುಕೊಳ್ಳಿ ಎಂದು ಕೇಳಲಿಕ್ಕಲ್ಲ, ಪಿರಿ. ಬಿಡಬೇಕಾದ ಇಬ್ಬರಲ್ಲಿ ನಿನ್ನನ್ನೂ ಸೇರಿಸಿ ಎಂದು ಕೇಳಲಿಕ್ಕೆ.

ಅವರು ಕೇಳಿಸಿಕೊಂಡರು. ಆಮೇಲೆ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಮಂತ್ರಿಗಳೇ, ನಿಮ್ಮ ಮಗಳು ಎರಡೂ ಕೈಯಲ್ಲಿ ಬಾಲ್ ಹಾಕ್ತಾಳೆ. ಈ ಹದಿನಾಲ್ಕು ಜನದಲ್ಲಿ ಅಂಥೋರು ಇನ್ನೊಬ್ರಿಲ್ಲ. ನಿಮ್ಮ ಮಾತು ಕೇಳಿ ಅವಳನ್ನ ಬಿಟ್ರೆ ನಾನು ಈ ಕುರ್ಚಿಗೆ ಲಾಯಕ್ಕಲ್ಲ." ಆಮೇಲೆ ಕಾರಣ ಏನು ಎಂದು ಮೆಲ್ಲಗೆ ಕೇಳಿದರು. ನಾನು ಹೇಳಲಿಲ್ಲ. ಈ ಮಾತು ಮಗಳಿಗೆ ತಿಳಿಯಬಾರದು ಎಂದು ಬೇಡಿಕೊಂಡು ಇಟ್ಟುಬಿಟ್ಟೆ.

ಕಾರಣವನ್ನು ಈಗ ಬರೆಯುತ್ತೇನೆ. ನಿನ್ನ ಚಿಕ್ಕಪ್ಪ ಲಾಯೋಶ್ ರಸ್ತೆ ಅಪಘಾತದಲ್ಲಿ ಹೋದ ಎಂದಷ್ಟೇ ನಿನಗೆ ಹೇಳಿದ್ದೇವೆ. ಅವನು ಎಲ್ಲಿಗೆ ಹೊರಟಿದ್ದ ಎಂದು ನೀನು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅವನು ನಿನ್ನ ವಿಶ್ವವಿದ್ಯಾಲಯದಲ್ಲೇ ಓದುತ್ತಿದ್ದ. ಐಸ್ ಹಾಕಿ ಆಡುತ್ತಿದ್ದ. 1955ರ ಫೆಬ್ರವರಿಯ ಒಂದು ಶನಿವಾರ ಅವನೂ ಇನ್ನು ಮೂವರೂ ಒಂದು ಕಾರಿನಲ್ಲಿ ಆಟಕ್ಕೆ ಹೊರಡಬೇಕಿತ್ತು. ಬೆಳಿಗ್ಗೆ ನನಗೆ ಫೋನ್ ಮಾಡಿದ. "ಅಣ್ಣ, ಪಶ್ಚಿಮದ ಆಕಾಶ ಸರಿ ಇಲ್ಲ. ನನಗೆ ಹೋಗೋಕೆ ಮನಸ್ಸಿಲ್ಲ. ಬರಲ್ಲ ಅಂದ್ರೆ ಅವ್ರು ಹೆದರ್‍ಪುಕ್ಲ ಅಂತಾರೆ" ಎಂದ. ಅವನು ನನ್ನಿಂದ ಏನು ಕೇಳಲು ಬಯಸಿದ್ದ ಎಂದು ನನಗೆ ಆಗಲೇ ಗೊತ್ತಾಗಿತ್ತು. ನಾನು, "ತಂಡದ ಕೈ ಬಿಡ್ಬೇಡ ಕಣೋ, ಹೋಗ್ಬಾ" ಎಂದೆ. ಹಸುಗಳಿಗೆ ನೀರು ಕುಡಿಸುವುದಿತ್ತು, ಅವಸರವಿತ್ತು.

ಮಧ್ಯಾಹ್ನ ಹಿಮಗಾಳಿ ಎದ್ದಿತು. ಕಾರು ಮಂಜುಗಟ್ಟಿದ ತಿರುವಿನಲ್ಲಿ ಹಳ್ಳಕ್ಕೆ ಬಿತ್ತು. ಉಳಿದ ಮೂವರು ಬದುಕಿದರು. ಅವನಿಗೆ ಇಪ್ಪತ್ತೊಂದು. ನೀನು ಆಗಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದೆ.

ನೀನು ಬಸ್ಸಿನಲ್ಲಿ ಬೇರೆ ಊರಿಗೆ ಹೋಗುವ ಪ್ರತಿ ಶನಿವಾರವೂ ನಾನು ಎಲ್ಲಾದರೂ ಉದ್ಘಾಟನೆ ಒಪ್ಪಿಕೊಳ್ಳುತ್ತಿದ್ದೆ. ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ನಿನ್ನ ಆಟ ನೋಡಲು ಬರಲಿಲ್ಲ, ಏಕೆಂದರೆ ನೋಡಿದರೆ ನೀನೆಷ್ಟು ಚೆನ್ನಾಗಿ ಆಡುತ್ತೀಯೆಂದು ಗೊತ್ತಾಗುತ್ತಿತ್ತು. ಆಮೇಲೆ ನಾನು ಮಾಡಿದ್ದನ್ನು ನನ್ನಿಂದಲೇ ಸಹಿಸಲು ಆಗುತ್ತಿರಲಿಲ್ಲ.

ನವೆಂಬರಿನಲ್ಲಿ ನೀನು ಕೇಳಿದಾಗ ಫೋನ್ ಮಾಡಿಲ್ಲ ಎಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿಜ ಹೇಳಲು ಧೈರ್ಯ ಬರಲಿಲ್ಲ. ನಿನ್ನನ್ನು ಎತ್ತಿಹಿಡಿದ ಅಪ್ಪ ಎಂದು ನೀನು ಕೋಪಿಸಿಕೊಂಡರೂ ಸರಿ, ಕೆಳಗೆಳೆಯಲು ನೋಡಿದ ಅಪ್ಪ ಎಂದು ತಿಳಿಯದಿರಲಿ ಎಂದುಕೊಂಡೆ. ಅದರಿಂದ ನಿನಗೆ ಏನಾಗುತ್ತಿದೆ ಎಂದು ಯೋಚಿಸಲಿಲ್ಲ.

ಮುಖ್ಯಮಂತ್ರಿಗೆ ರಾಜೀನಾಮೆಯ ಪತ್ರ ಕೊಟ್ಟಿದ್ದೇನೆ. ಸಭೆ ಮತ್ತೆ ಸೇರಿದಾಗ ಎದ್ದು ನಿಂತು ಹೇಳುತ್ತೇನೆ. ಯಾವ ಕಡೆಗೆ ಎಳೆದರೂ ಮಂತ್ರಿಯ ಕೈ ಮಂತ್ರಿಯ ಕೈಯೇ. ಆ ಹುದ್ದೆಯಲ್ಲಿ ಕುಳಿತು ಆ ಫೋನ್ ಮುಟ್ಟಬಾರದಿತ್ತು.

ನಿನ್ನ ಜಾಗ ಯಾರೂ ಕೊಟ್ಟದ್ದಲ್ಲ. ನಾನು ಕಿತ್ತುಕೊಳ್ಳಲು ಹೋದರೂ ಉಳಿದದ್ದು.

ಅಪ್ಪ

•

ಹಾರ್ಲನ್
ಜನವರಿ 20, 1974

ಅಪ್ಪ,

ನಿನ್ನ ಪತ್ರವನ್ನು ಬಟ್ಟೆ ಒಗೆಯುವ ಯಂತ್ರಗಳ ಕೋಣೆಯಲ್ಲಿ ಓದಿದೆ. ಎರಡನೇ ಪುಟಕ್ಕೆ ಬಂದಾಗ ನಗು ಬಂತು. ಎಷ್ಟು ಜೋರಾಗಿ ನಕ್ಕೆನೆಂದರೆ ಡೆಲ್ಫೀನ್ ಗಾಬರಿಯಾಗಿ ಪತ್ರ ಕಿತ್ತುಕೊಂಡು ತಾನೂ ಓದಿದಳು. "ಅಯ್ಯೋ, ನಿಮ್ಮಪ್ಪಂಗೆ ವಶೀಲಿ ಮಾಡೋದೂ ಸರಿಯಾಗಿ ಬರಲ್ವಲ್ಲೇ" ಎಂದಳು. ಆಮೇಲೆ ಮೂರನೇ ಪುಟಕ್ಕೆ ಬಂದಾಗ ಇಬ್ಬರ ನಗುವೂ ನಿಂತಿತು.

ನಿನ್ನ ಮೇಲೆ ನನಗೆ ಬಹಳ ಕೋಪವಿದೆ. ಇದನ್ನು ಮೊದಲು ಬರೆಯಬೇಕು, ಇಲ್ಲದಿದ್ದರೆ ಲಾಯೋಶ್ ಚಿಕ್ಕಪ್ಪನ ವಿಷಯ ಓದಿ ನಾನು ಎಲ್ಲವನ್ನೂ ಕ್ಷಮಿಸಿದೆ ಎಂದು ನೀನು ತಿಳಿಯಬಹುದು. ನನ್ನನ್ನೇ ಕೂರಿಸಿಕೊಂಡು, ಹೆದರಿಕೆಯಾಗುತ್ತದೆ ಕಣೇ ಎಂದು ಒಂದು ಮಾತು ಹೇಳಬಹುದಿತ್ತು. ಹದಿನೇಳು ವರ್ಷದವಳಿಗೆ ಅಷ್ಟು ಅರ್ಥವಾಗುತ್ತಿತ್ತು. ನೀನು ಹೇಳಿದ್ದು ಗುರುತಿಲ್ಲದ ಹೆಂಗಸಿಗೆ, ಅದೂ ಬಾಗಿಲು ಹಾಕಿಕೊಂಡು. ಆ ಹೆಂಗಸು ಮಿಸ್ ಮೆಕ್‌ಕ್ವೇಗ್ ಆಗಿರದಿದ್ದರೆ ನಾನು ಈ ಮೂರು ವರ್ಷ ನನಗೆ ಆಟ ಬರುವುದಿಲ್ಲ ಎಂದುಕೊಂಡೇ ಬದುಕುತ್ತಿದ್ದೆ.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆಯುತ್ತೇನೆ. ಎರಡು ತಿಂಗಳಿನಿಂದ ಎದೆಯ ಮೇಲೆ ಕುಳಿತಿದ್ದ ಏನೋ ಎದ್ದುಹೋಗಿದೆ. ಊಟ ರುಚಿಸುತ್ತಿದೆ. ಬುಧವಾರ ಮಿಸ್ ಮೆಕ್‌ಕ್ವೇಗರ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತೆ. ಅವರು ತಲೆಯೆತ್ತದೆ ಡ್ರಾಯರ್ ಎಳೆದು ಅಂಗಿ ಎಸೆದರು. "ಎರಡು ವಾರದ ಅಭ್ಯಾಸ ತಪ್ಪಿದೆ. ಇಪ್ಪತ್ತು ಸುತ್ತು ಓಡು" ಎಂದರು. ನಿನ್ನೆ ಇಲ್ಲೇ ಆಡಿದೆವು. ಹದಿನೇಳು ಅಂಕ ಹಾಕಿದೆ, ಅದರಲ್ಲಿ ಆರು ಎಡಗೈಯಲ್ಲಿ.

ಇಲ್ಲಿಯ ಹಳೆಯ ಕಟ್ಟಡದ ಮೊಗಸಾಲೆಯಲ್ಲಿ ತಂಡಗಳ ಫೋಟೋಗಳಿವೆ. 1954ರದ್ದನ್ನು ಹುಡುಕಿದೆ. ಎರಡನೇ ಸಾಲಿನಲ್ಲಿ, ಎಡದಿಂದ ನಾಲ್ಕನೆಯವನು. ಮೂರು ವರ್ಷದಿಂದ ಅವನ ಮುಂದೆಯೇ ಓಡಾಡುತ್ತಿದ್ದೆ. ನಗುವುದನ್ನು ತಡೆದುಕೊಂಡ ಹಾಗಿದೆ ಮುಖ.

ನೀನು ಅವನನ್ನು ಕೊಂದಿಲ್ಲ ಅಪ್ಪ. ಯಾರೂ ನಿನಗೆ ಇದನ್ನು ಹೇಳಿಲ್ಲವೆಂದು ತೋರುತ್ತದೆ.

ಸಭೆಯಲ್ಲಿ ಏನು ಹೇಳಬೇಕೋ ಅದು ನಿನಗೆ ಬಿಟ್ಟದ್ದು.

ಪಿರಿ

•

ರೆಜೈನಾ
ಫೆಬ್ರವರಿ 8, 1974

ಮುದ್ದು ಪಿರಿ,

ಮಂಗಳವಾರ ಎದ್ದು ನಿಂತು ಹೇಳಿದೆ. ಬರೆದುಕೊಂಡು ಹೋಗಿದ್ದ ಭಾಷಣ ಜೇಬಿನಲ್ಲೇ ಉಳಿಯಿತು. ಫೋನ್ ಮಾಡಿದ್ದೆ, ಮಗಳನ್ನು ತಂಡದಿಂದ ಬಿಡಿ ಎಂದು ಕೇಳಿದ್ದೆ, ಕೋಚ್ ಒಪ್ಪಲಿಲ್ಲ, ಅವರು ಮಾಡಿದ್ದು ಸರಿ, ನಾನು ಮಾಡಿದ್ದು ತಪ್ಪು, ಆದ್ದರಿಂದ ಮಂತ್ರಿ ಪದವಿ ಬಿಡುತ್ತಿದ್ದೇನೆ. ನಾಲ್ಕು ನಿಮಿಷವೂ ಆಗಲಿಲ್ಲ. ಕಾರಣವೇನು ಎಂದು ಯಾರೋ ಕೂಗಿದರು. ತಮ್ಮನ ಹೆಸರು ಹೇಳಿದೆ. ಹತ್ತೊಂಬತ್ತು ವರ್ಷಗಳಲ್ಲಿ ಅವನ ಹೆಸರನ್ನು ಅಷ್ಟು ಜನರ ಮುಂದೆ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಹೊರಗೆ ಬಂದಾಗ, ನವೆಂಬರಿನಲ್ಲಿ ಪ್ರಶ್ನೆ ಎತ್ತಿದ್ದ ವಿರೋಧ ಪಕ್ಷದ ಥೋರ್ಸನ್ ಮೊಗಸಾಲೆಯಲ್ಲಿ ಕಾಯುತ್ತಿದ್ದ. ಗೋಧಿ ಬೆಳೆಯುವ ದಪ್ಪ ಮನುಷ್ಯ, ಸಭೆಯಲ್ಲಿ ನನ್ನನ್ನು ಹರಿದು ತಿನ್ನುವವನು. ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತಾ, "ಬೊದ್ನಾರ್, ನನ್ನ ಮೂರನೇ ಮಗಳು ವಿಮಾನ ಓಡಿಸೋದು ಕಲೀತಿದಾಳೆ. ಆ ಶಾಲೆಯವ್ರ ಫೋನ್ ನಂಬರು ನನ್ನ ಜೇಬಲ್ಲೇ ಇದೆ" ಎಂದ. ಮಾಡಬೇಡ ಎಂದೆ. ಮಾಡಲ್ಲ ಎಂದ. ಇಬ್ಬರೂ ಕಾಫಿ ಕುಡಿದೆವು. ನಾಳೆ ಮತ್ತೆ ಹರಿದು ತಿನ್ನುತ್ತಾನೆ.

ಸರ್ಕಾರಿ ಕಾರು ವಾಪಸ್ಸು ಹೋಯಿತು. ನಾನೀಗ ಹಿಂದಿನ ಸಾಲಿನ ಸಾಮಾನ್ಯ ಸದಸ್ಯ. ಒಳ್ಳೆಯ ನಿದ್ದೆ ಬರುತ್ತಿದೆ. ನಾಚಿಕೆ ಹೋಗಿಲ್ಲ, ಆದರೆ ಬಚ್ಚಿಡುವ ಕೆಲಸ ಇಲ್ಲದ್ದರಿಂದ ದಿನದಲ್ಲಿ ಬಹಳ ಸಮಯ ಉಳಿಯುತ್ತಿದೆ.

ಮಿಸ್ ಮೆಕ್‌ಕ್ವೇಗ್ ಬರೆದಿದ್ದಾರೆ. 23ಕ್ಕೆ ನಿಮ್ಮ ಕೊನೆಯ ಪಂದ್ಯ ಮನಿಟೋಬಾ ಪ್ರಾಂತ್ಯದ ಬ್ರ್ಯಾಂಡನ್ನಿನಲ್ಲಂತೆ, ಬಸ್ಸಿನಲ್ಲಿ ಒಂದು ಸೀಟು ಖಾಲಿಯಿದೆಯಂತೆ. ಬಾಲಿನ ಚೀಲಗಳನ್ನು ಹೊರುವುದಾದರೆ ಬರಬಹುದು ಎಂದಿದ್ದಾರೆ. ನೀನು ಒಪ್ಪಿದರೆ ಮಾತ್ರ ಬರುತ್ತೇನೆ. ಬೇಡವೆಂದರೆ ಬೇಸರವಿಲ್ಲ.

ಅಪ್ಪ

•

ಹಾರ್ಲನ್
ಫೆಬ್ರವರಿ 13, 1974

ಅಪ್ಪ,

ಚೀಲಗಳು ಭಾರ. ಬೆಳಿಗ್ಗೆ ಏಳಕ್ಕೆ ಹೊರಡುತ್ತೇವೆ. ತಡವಾದರೆ ಮಿಸ್ ಮೆಕ್‌ಕ್ವೇಗ್ ಯಾರಿಗೂ ಕಾಯುವುದಿಲ್ಲ.

ಪಿರಿ

•

ವುಡ್‌ಲೆ, ಮನಿಟೋಬಾ
ಫೆಬ್ರವರಿ 24, 1974, ಭಾನುವಾರ ಬೆಳಿಗ್ಗೆ

ಪ್ರೀತಿಯ ಯೂಲಿ,

ಇಲ್ಲಿಂದ ಫೋನ್ ಮಾಡಿ ನಾವೆಲ್ಲ ಸುಖವಾಗಿದ್ದೇವೆ ಎಂದಷ್ಟೇ ಹೇಳಿದೆ. ಸಾಲಿನಲ್ಲಿ ಹನ್ನೆರಡು ಹುಡುಗಿಯರು ನಿಂತಿದ್ದರು. ಉಳಿದದ್ದನ್ನು ಬರೆಯುತ್ತೇನೆ. ನಾನು ಮನೆ ಸೇರಿ ನಿನ್ನ ಎದುರಿಗೆ ಕುಳಿತ ಮೇಲೆ ಈ ಪತ್ರ ಬಂದರೂ ಬರಲಿ.

ನಿನ್ನೆ ಹೊರಟಾಗ ಬಿಸಿಲಿತ್ತು. ನಾನು ಹಿಂದಿನಿಂದ ಮೂರನೇ ಸೀಟಿನಲ್ಲಿ ಕುಳಿತೆ. ಹುಡುಗಿಯರು ಮೊದಲು ಮರ್ಯಾದೆಯಿಂದ ಸುಮ್ಮನಿದ್ದರು. ಪ್ರಾಂತ್ಯದ ಗಡಿ ದಾಟುವ ಹೊತ್ತಿಗೆ ಡೆಲ್ಫೀನ್ ನನಗೆ ಇಸ್ಪೀಟು ಕಲಿಸಿ, ನನ್ನ ಪಾಲಿನ ಬಿಸ್ಕತ್ತುಗಳನ್ನೆಲ್ಲ ಗೆದ್ದುಕೊಂಡಿದ್ದಳು. ಪಿರಿ ಮುಂದೆ ಕೋಚಿನ ಹಿಂದೆ ಕುಳಿತಿದ್ದಳು. ನನ್ನ ಜೊತೆ ಮಾತು ಕಡಿಮೆ. ಆದರೆ ನಾನು ಚೀಲ ಹೊರುವಾಗ ಒಂದು ಹಿಡಿ ತಾನೂ ಹಿಡಿದಿದ್ದಳು.

ಹನ್ನೆರಡು ಗಂಟೆಗೆ ಗಾಳಿ ಎದ್ದಿತು. ಒಂದು ಗಂಟೆಯ ಹೊತ್ತಿಗೆ ರಸ್ತೆಯ ಅಂಚು ಕಾಣುತ್ತಿರಲಿಲ್ಲ. ಬಸ್ಸು ಎರಡು ಸಲ ಪಕ್ಕಕ್ಕೆ ಸರಿಯಿತು. ನನ್ನ ಕೈ ಮುಂದಿನ ಸೀಟಿನ ಕಂಬಿಗೆ ಅಂಟಿಕೊಂಡಿತ್ತು. ಎದ್ದು ಹೋಗಿ ನಿಲ್ಲಿಸಿ ಎನ್ನಬೇಕು ಎನಿಸಿತು. ಆದರೆ ಎರಡೂವರೆ ವರ್ಷದ ಹಿಂದೆ ಅಂಥದ್ದೇ ಒಂದು ಮಾತನ್ನು ಹೇಳಿ ಏನು ಮಾಡಿದ್ದೆ ಎಂದು ನಿನಗೆ ಗೊತ್ತು. ಮತ್ತೊಮ್ಮೆ ಅವಳ ಆಟಕ್ಕೆ ಕೈ ಹಾಕುವ ಹಕ್ಕು ನನಗಿಲ್ಲ ಎಂದು ಹಲ್ಲು ಕಚ್ಚಿ ಕುಳಿತೆ.

ಈ ಪಂದ್ಯ ಗೆದ್ದರೆ ಪಶ್ಚಿಮ ವಲಯದ ಅಂತಿಮ ಕೂಟಕ್ಕೆ ಹೋಗುತ್ತಿದ್ದರು. ಸಂಜೆ ಆರಕ್ಕೆ ಅಂಗಣದಲ್ಲಿ ಇಲ್ಲದಿದ್ದರೆ ಸೋತ ಲೆಕ್ಕ. ಡ್ರೈವರ್ ಫ್ರೀಸೆನ್ ಒಳ್ಳೆಯವನು, ಅವನಿಗೂ ಹುಡುಗಿಯರನ್ನು ತಲುಪಿಸಬೇಕೆಂಬ ಹಟ. "ಇನ್ನು ಅರವತ್ತೇ ಮೈಲಿ, ಈ ದಾರೀಲಿ ನೂರು ಸಲ ಓಡ್ಸಿದೀನಿ" ಎನ್ನುತ್ತಿದ್ದ. ಹಿಂದಿನಿಂದ ಹುಡುಗಿಯರು ಹೋಗೋಣ ಹೋಗೋಣ ಎನ್ನುತ್ತಿದ್ದರು. ಕೋಚ್ ಗಡಿಯಾರ ನೋಡುತ್ತಿದ್ದರು. ಆಗ ಪಿರಿ ಎದ್ದಳು. ಸೀಟುಗಳನ್ನು ಹಿಡಿದುಕೊಂಡು ಮುಂದೆ ಹೋದಳು.

"ಫ್ರೀಸೆನ್, ಮುಂದಿನ ಊರಲ್ಲಿ ನಿಲ್ಸಿ."

"ಪಿರಿ, ಪಂದ್ಯ ಹೋಗತ್ತೆ ಕಣೇ," ಯಾರೋ ಅಂದರು.

"ಹೋಗ್ಲಿ. ಯಾರು ಬೈದ್ರೂ ನನ್ನ ಹೆಸರು ಹೇಳಿ."

ಮಿಸ್ ಮೆಕ್‌ಕ್ವೇಗ್ ಅವಳ ಮುಖವನ್ನೇ ನೋಡಿದರು. ಆಮೇಲೆ ಗಡಿಯಾರವನ್ನು ತೋಳಿನೊಳಗೆ ಸರಿಸಿಕೊಂಡು, "ಕ್ಯಾಪ್ಟನ್ ಹೇಳಿದ್ದು ಕೇಳಿಸ್ತಲ್ಲ ಫ್ರೀಸೆನ್" ಎಂದರು.

ಪಿರಿ ತನ್ನ ಜಾಗಕ್ಕೆ ಹೋಗಲಿಲ್ಲ. ನನ್ನ ಸೀಟಿನವರೆಗೆ ಬಂದು, "ಸ್ವಲ್ಪ ಜರುಗಪ್ಪ" ಎಂದು ಪಕ್ಕದಲ್ಲಿ ಕುಳಿತಳು. ನಾನು ಕಿಟಕಿಯ ಕಡೆ ಮುಖ ಮಾಡಿದೆ. ಅವಳೂ ನನ್ನ ಕಡೆ ನೋಡಲಿಲ್ಲ. ಕಂಬಿ ಹಿಡಿದಿದ್ದ ನನ್ನ ಕೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತನ್ನ ಕೈಗವಸಿನ ಒಳಗೆ ಇಟ್ಟುಕೊಂಡಳು. ಹೀಗೆ ನಾಲ್ಕು ಮೈಲಿಯನ್ನು ಮುಕ್ಕಾಲು ಗಂಟೆಯಲ್ಲಿ ಬಂದೆವು.

ವುಡ್‌ಲೆ ಎಂದರೆ ಒಂದು ಧಾನ್ಯದ ಗೋಪುರ, ಒಂದು ಚರ್ಚು, ಒಂದು ಸಮುದಾಯ ಭವನ. ಊರಿನ ಹೆಂಗಸರು ಅರ್ಧ ಗಂಟೆಯಲ್ಲಿ ಬಾರ್ಲಿ ಸೂಪು, ರೊಟ್ಟಿ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ತಂದರು. ನಾಲ್ಕು ಗಂಟೆಗೆ ಹೆದ್ದಾರಿ ಮುಚ್ಚಿದ್ದಾರೆ ಎಂದು ರೇಡಿಯೋದಲ್ಲಿ ಬಂತು. ಆರು ಗಂಟೆಗೆ ಕೋಚ್ ಬ್ರ್ಯಾಂಡನ್ನಿಗೆ ಫೋನ್ ಮಾಡಿ ಬಂದು, ಪಂದ್ಯ ಅವರ ಪಾಲಾಯಿತು ಎಂದರು. ಇಬ್ಬರು ಅತ್ತರು. ಪಿರಿ ಅವರ ಜೊತೆ ಕುಳಿತಿದ್ದಳು, ಸಮಾಧಾನದ ಮಾತೇನೂ ಆಡದೆ. ಅವಳದ್ದೂ ಈ ವರ್ಷ ಅಲ್ಲಿಗೆ ಮುಗಿಯಿತು, ಅವಳಿಗೂ ದುಃಖವಿದೆ. ನಾನು ಮಾತ್ರ, ಯೂಲಿ, ದೇವರು ಕ್ಷಮಿಸಲಿ, ಎರಡು ತಟ್ಟೆ ಸೂಪು ಕುಡಿದೆ. ಅಷ್ಟು ಹಸಿವು ಎಂದೂ ಆಗಿರಲಿಲ್ಲ.

ಈಗ ಹೊರಗೆ ಕಣ್ಣು ಕೋರೈಸುವ ಬಿಸಿಲು. ಹಿಮ ತೆಗೆಯುವ ಗಾಡಿ ಬಂದು ಹೋಗಿದೆ. ಹುಡುಗಿಯರೆಲ್ಲ ಊರವರಿಂದ ಸಲಿಕೆ ಕಡ ತಂದು ಬಸ್ಸಿನ ಚಕ್ರ ಬಿಡಿಸುತ್ತಿದ್ದಾರೆ, ಕೆಲಸಕ್ಕಿಂತ ಒಬ್ಬರ ಮೇಲೊಬ್ಬರು ಹಿಮ ಎರಚುವುದೇ ಹೆಚ್ಚು. ಪಿರಿ ಕಿಟಕಿಗೆ ಬಡಿದು ಏನೋ ಕೂಗುತ್ತಿದ್ದಾಳೆ. ಬಸ್ಸು ತಳ್ಳಲು ಒಬ್ಬರು ಕಡಿಮೆಯಂತೆ. ಹೋಗಬೇಕು.

ನಿನ್ನ,
ಕಾಲ್ಮಾನ್